ಕೆಸು ಕಿತ್ತು ಒಂದೆಲಗ ನೆಡಿಸಿದ ಪಂಡಿತ

"ಒಂದೆಲಗ ತಿಂದವನ ತಲೆಗೂ ಕೆಸು ತಿಂದವನ ತಲೆಗೂ ಇರುವ ಅಂತರ ಆನೆಗೂ ಆಡಿಗೂ ಇರುವ ಅಂತರ!" ಎಂದು ರಾಜವೈದ್ಯ ಉಗ್ರಪ್ಪ ಪಂಡಿತ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ.

ತಾನು ಆನೆಯ ಪೈಕಿ ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೊಟ್ಟೆಯೇ ಹೇಳುತ್ತಿತ್ತು.

ಬೆಳ್ಳಾವರದ ಅರಸ ಬಸವಂತರಸನಿಗೆ ಈಚೆಗೆ ವಿಪರೀತ ಮರೆವು. ಒಂದು ದಿನ ಕಿರೀಟ ತಲೆಯ ಮೇಲೆ ಇಟ್ಟುಕೊಂಡೇ ಅರಮನೆಯೆಲ್ಲ ಕಿರೀಟ ಹುಡುಕಿಸಿದ್ದ. ಅಂದಿನಿಂದ ಅವನಿಗೆ ಪಂಡಿತ ಹೇಳಿದ್ದೇ ವೇದ.

"ಅದಕ್ಕೇ ಪ್ರಭು, ಊರಿನ ಎಲ್ಲ ಹಿತ್ತಲುಗಳ ಕೆಸುವನ್ನೂ ಕೀಳಿಸಿ. ಆ ಜಾಗದಲ್ಲೆಲ್ಲ ನೆನಪು ಹೆಚ್ಚಿಸುವ ಒಂದೆಲಗ ನೆಡಿಸಿ. ಬೆಳೆದ ಸೊಪ್ಪನ್ನು ಜನ ನನಗೆ ತಂದೊಪ್ಪಿಸಲಿ. ಪ್ರಭುಗಳ ತಂಬುಳಿಗೆ ಬೇಕಲ್ಲ!"

ಒಬ್ಬ ಅರಸನ ತಂಬುಳಿಗೆ ಒಂದು ಊರಿನ ಸೊಪ್ಪು! ಅರಸನ ಪಕ್ಕದಲ್ಲೇ ನಿಂತಿದ್ದ ಬೊಮ್ಮವ್ವನಿಗೆ ಒಳಗೊಳಗೇ ನಗು ಬಂತು. ಮಿಕ್ಕ ಸೊಪ್ಪು ಪಂಡಿತನ ಔಷಧಿ ತುಪ್ಪದ ಭರಣಿಗೆ ಹೋಗುತ್ತದೆ, ಭರಣಿ ಪರವೂರ ಸಾಹುಕಾರರ ಮನೆಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಬೊಮ್ಮವ್ವ ಅರಸನ ಊಟದ ರುಚಿ ನೋಡುವವಳು. ಏನೇ ಬಡಿಸಿದರೂ ಮೊದಲು ಅವಳ ನಾಲಿಗೆಗೆ, ಆಮೇಲೆ ಅರಸನ ನಾಲಿಗೆಗೆ. ಆ ನಾಲಿಗೆ ಮಾತಿನಲ್ಲೂ ಹರಿತ ಎಂದು ಸಭೆಗೆಲ್ಲ ತಿಳಿದಿತ್ತು.

ನಗು ಬಂದಷ್ಟೇ ಬೇಗ ಹೋಯಿತು. ಬೆಳ್ಳಾವರದಲ್ಲಿ ಪ್ರತಿ ಮನೆಗೂ ಹಸಿಯಾಗಿರುವ ನೆಲ ಎಂದರೆ ಹಿತ್ತಲ ಒಂದು ಮೂಲೆ. ಕಣಜ ಬರಿದಾಗುವ ಆಷಾಢದಲ್ಲಿ ಮಕ್ಕಳ ಹೊಟ್ಟೆ ತುಂಬಿಸುವುದು ಆ ಮೂಲೆಯ ಕೆಸುವೇ. ಎಲೆ, ದಂಟು, ಗೆಡ್ಡೆ, ಅದರಲ್ಲಿ ಬಿಸಾಡುವಂಥದ್ದು ಏನೂ ಇಲ್ಲ. ಅದನ್ನು ಕಿತ್ತರೆ ಊರಿನ ಕೂಸುಗಳು ತುಪ್ಪದ ಭರಣಿಯ ವಾಸನೆ ನೋಡಿಕೊಂಡು ಮಲಗಬೇಕು.

"ಪಂಡಿತರೇ, ಒಂದು ಸಂಶಯ. ಕೆಸು ಬೆಳೆಯುವ ಜಾಗದಲ್ಲಿ ಒಂದೆಲಗ ಬೆಳೆದೀತೇ?" ಎಂದಳು ಬೊಮ್ಮವ್ವ.

"ಯಾಕೆ ಬೆಳೆಯದು? ಕೆಸುವಿಗೂ ತೇವ ಬೇಕು, ಒಂದೆಲಗಕ್ಕೂ ತೇವ ಬೇಕು. ತೇವ ಎಂದರೆ ತೇವ!"

"ಎಂಥ ತೇವವಾದರೂ ಆದೀತೇ?"

"ನೋಡಿ ಪ್ರಭು, ಕೆಸು ತಿಂದ ತಲೆ! ಒಂದೇ ಮಾತು ಎರಡೆರಡು ಸಲ ಹೇಳಬೇಕು. ಎಂಥ ತೇವವಾದರೂ ಆದೀತಮ್ಮಾ!"

"ತಾವೇ ಒಮ್ಮೆ ಹಿತ್ತಲಿಗೆ ಬಂದು ನೋಡಿದ್ದರೆ..."

"ನಾನು? ಹಿತ್ತಲಿಗೆ? ಓದಿದವನಿಗೆ ಕೆಸರು ತುಳಿದು ನೋಡುವ ಗತಿ ಬಂದಿಲ್ಲ."

ಬೊಮ್ಮವ್ವ ಅರಸನಿಗೆ ಕೈಮುಗಿದಳು. "ಒಡೆಯಾ, ಮೊದಲು ನನ್ನ ಹಿತ್ತಲಲ್ಲೇ ನೆಡಿಸಿ. ಬೆಳೆದದ್ದನ್ನು ನಾನೇ ತಂಬುಳಿ ಮಾಡಿ ತರುತ್ತೇನೆ. ಪಂಡಿತರು ಕುಡಿದು ದಕ್ಕಿಸಿಕೊಂಡರೆ ಊರಿನ ಕೆಸು ಕೀಳಿಸಿ, ಜೊತೆಗೆ ನನ್ನನ್ನೂ ಅರಮನೆಯಿಂದ ಕಿತ್ತುಹಾಕಿ. ದಕ್ಕದಿದ್ದರೆ ಒಂದು ಬುಡವನ್ನೂ ಮುಟ್ಟಬಾರದು."

"ದಕ್ಕಿಸಿಕೊಳ್ಳುವುದೇ? ಕೊಡಗಟ್ಟಲೆ ಕುಡಿಯುತ್ತೇನೆ!" ಎಂದ ಪಂಡಿತ. ಅರಸ ಒಪ್ಪಿದ.

ಆಳುಗಳು ಬಂದು ಕೆಸು ಕಿತ್ತರು, ಕೈ ಕೆರೆದುಕೊಂಡರು, ಬೊಮ್ಮವ್ವ ಕೊಟ್ಟ ಹುಣಸೆನೀರು ಹಚ್ಚಿಕೊಂಡು ಒಂದೆಲಗ ನೆಟ್ಟರು. ಅದು ಅಲ್ಲಿ ಸೊಕ್ಕಿ ಬೆಳೆಯಿತು. ಪಕ್ಕದ ಮನೆಯ ಸಂಕವ್ವ ಬೇಲಿಯಾಚೆಯಿಂದ ಇಣುಕಿ ಕೆನ್ನೆಗೆ ಕೈ ಹಚ್ಚಿದಳು.

"ಅಯ್ಯೋ ಬೊಮ್ಮವ್ವಾ! ಈ ಜಾಗದ್ದನ್ನ ಪಂಡಿತನಿಗೆ ಕುಡಿಸ್ತೀಯೇನೇ?"

"ಕೊಡಗಟ್ಟಲೆ ಕುಡೀತೀನಿ ಅಂದಿದಾನೆ ಕಣೇ. ನಾನು ಬೇಡ ಅನ್ನೋಕಾಗುತ್ತಾ?"

ಪರೀಕ್ಷೆಯ ದಿನ ಬಂತು. ಎರಡು ಬೆಳ್ಳಿ ಬಟ್ಟಲಲ್ಲಿ ಹಸಿರು ತಂಬುಳಿ, ಒಂದು ಅರಸನಿಗೆ, ಒಂದು ಪಂಡಿತನಿಗೆ. ರುಚಿ ನೋಡಬೇಕಾದ ಬೊಮ್ಮವ್ವ ಹಿಂದೆ ಸರಿದಳು.

"ಕೆಸು ತಿನ್ನುವ ನಾಲಿಗೆ ಇದನ್ನು ಮುಟ್ಟಿ ಮೈಲಿಗೆ ಮಾಡಬಾರದು. ಇವತ್ತು ಪಂಡಿತರೇ ಮೊದಲು."

ಪಂಡಿತ ಒಂದೇ ಉಸಿರಿಗೆ ಬಟ್ಟಲು ಬರಿದು ಮಾಡಿ ಮೀಸೆ ಒರೆಸಿಕೊಂಡ. "ಆಹಾ! ಮರೆತ ಶ್ಲೋಕಗಳೆಲ್ಲ ಸಾಲುಗಟ್ಟಿ ಬರುತ್ತಿವೆ! ಕುಡಿಯಿರಿ ಪ್ರಭು!"

ಅರಸ ಬಟ್ಟಲೆತ್ತಿದ. ಬೊಮ್ಮವ್ವ ಅದರ ಮೇಲೆ ಅಂಗೈ ಮುಚ್ಚಿದಳು.

"ತಡೆಯಿರಿ ಒಡೆಯಾ. ಪಂಡಿತರೇ, ನೆನಪು ಅಷ್ಟು ಚೆನ್ನಾಗಿ ಮರಳಿದ್ದರೆ ಹೇಳಿ. ಕೆಸು ಎಲ್ಲಿ ಬೆಳೆಯುತ್ತದೆ?"

"ಹಿತ್ತಲಲ್ಲಿ."

"ಹಿತ್ತಲಲ್ಲಿ ಎಲ್ಲಿ?"

"ತೇವ ಇರುವಲ್ಲಿ."

"ಆ ತೇವ ಎಲ್ಲಿಂದ ಬರುತ್ತದೆ?"

ಬಾಗಿಲು ಕಾಯುವವನು ಕಿಸಕ್ಕನೆ ನಕ್ಕು, "ಬಚ್ಚಲಿಂದ!" ಎಂದ.

"ನೋಡಿ, ಬಾಗಿಲು ಕಾಯುವವನಿಗೆ ಗೊತ್ತು," ಎಂದಳು ಬೊಮ್ಮವ್ವ. "ನಮ್ಮತ್ತೆ ಎಲೆಅಡಿಕೆ ಉಗಿದು ಬಾಯಿ ಮುಕ್ಕಳಿಸಿದ ನೀರು, ನನ್ನ ಗಂಡ ದನದ ಕೊಟ್ಟಿಗೆಯಿಂದ ಬಂದು ಕಾಲು ತೊಳೆದ ನೀರು, ನನ್ನ ಕೂಸಿನ ಬಟ್ಟೆ ಹಿಂಡಿದ ನೀರು, ಎಲ್ಲ ಅಲ್ಲಿಗೇ. ಕೆಸು ಅದನ್ನೆಲ್ಲ ಕುಡಿದು ಗೆಡ್ಡೆ ಕಟ್ಟುತ್ತದೆ. ನಾವದಕ್ಕೆ ಹುಣಸೆಹುಳಿ ಹಾಕಿ ಕೊತಕೊತ ಕುದಿಸಿ ತಿನ್ನುತ್ತೇವೆ. ಒಂದೆಲಗವನ್ನೋ, ಹಸಿಹಸಿಯಾಗಿ ಅರೆದು ಮಜ್ಜಿಗೆಗೆ ಕಲಸುತ್ತೇವೆ. ಎರಡನ್ನೂ ಒಂದೇ ಕಡೆ ನೆಡುವಂಥ ದಡ್ಡಿ ನಮ್ಮೂರಲ್ಲಿ ಒಬ್ಬಳೂ ಇಲ್ಲ. ಅದಕ್ಕೆ ಪಂಡಿತರೇ ಬೇಕಾಯಿತು."

"ಸೊ... ಸೊಪ್ಪು ತೊಳೆದಿದ್ದೆಯಷ್ಟೆ?"

"ಎಲೆಯನ್ನು ಚೆನ್ನಾಗಿಯೇ ತೊಳೆದೆ. ಅದು ಕುಡಿದು ಬೆಳೆದದ್ದನ್ನು ಹೇಗೆ ತೊಳೆಯಲಿ?"

ಪಂಡಿತ ಬಾಯಿಗೆ ಕೈ ಅಡ್ಡ ಹಿಡಿದು ಅಂಗಳಕ್ಕೆ ಓಡಿದ. ಅಲ್ಲಿಂದ ಬಂದ ಸದ್ದಿಗೆ ಪಾರಿವಾಳಗಳು ಹಾರಿಹೋದವು.

"ದಕ್ಕಲಿಲ್ಲ," ಎಂದ ಅರಸ, ತನ್ನ ಬಟ್ಟಲನ್ನು ಹಾವಿನ ಬುಟ್ಟಿಯಂತೆ ದೂರ ತಳ್ಳಿ. ಆಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. ಕಿರೀಟ ಜಾರುವಷ್ಟು ನಕ್ಕ. ಊರಿನ ಕೆಸು ಉಳಿಯಿತು. ಬೊಮ್ಮವ್ವನ ಹಿತ್ತಲಲ್ಲಿ ಪಂಡಿತನೇ ತನ್ನ ಕೈಯಾರೆ ಕೆಸು ಮತ್ತೆ ನೆಡಬೇಕು, ಅದೂ ಹುಣಸೆನೀರಿಲ್ಲದೆ, ಎಂದು ಅಪ್ಪಣೆಯಾಯಿತು.

ತನ್ನ ಕೊರಳ ಮುತ್ತಿನ ಸರವನ್ನು ಬೊಮ್ಮವ್ವನ ಕೈಗೆ ಹಾಕುತ್ತ ಅರಸ ಕೇಳಿದ: "ನಿಜ ಹೇಳು ಬೊಮ್ಮವ್ವ, ನಿನಗೆ ಈ ಬುದ್ಧಿ ಎಲ್ಲಿಂದ ಬಂತು? ಗುಟ್ಟಾಗಿ ನೀನೂ ಒಂದೆಲಗ ತಿನ್ನುತ್ತೀಯಾ?"

"ದಿನಾ ತಿನ್ನುತ್ತೇನೆ ಒಡೆಯಾ," ಎಂದಳು ಬೊಮ್ಮವ್ವ. "ಊರ ಬಾವಿಕಟ್ಟೆಯ ಪಕ್ಕದ್ದು."