ಆಮೆಯ ಹಿಂದೆ ಒಂದು ಹಗಲು

"ಗುರುಗಳೇ, ನನ್ನ ಸೇವೆಯಲ್ಲಿ ಏನು ಕೊರತೆ?"

ಊಟದ ಎಲೆ ಎತ್ತಲು ಬಂದ ನಂಜಯ್ಯ ಹೀಗೆ ಕೇಳಿದ. ಆರು ವರ್ಷದಿಂದ ಗುರುಗಳಿಗೆ ಅಡಿಗೆ ಮಾಡಿ ಬಡಿಸುತ್ತಿದ್ದ ಶಿಷ್ಯ ಅವನು. ಅಂದೂ ಎಲೆಯಲ್ಲಿ ಅರ್ಧ ಊಟ ಹಾಗೆಯೇ ಉಳಿದಿತ್ತು.

"ತುಪ್ಪ ಕಡಿಮೆ ಮಾಡಿಲ್ಲ, ಹಾಲು ಕಡಿಮೆ ಮಾಡಿಲ್ಲ. ಪ್ರೀತಿಯನ್ನಂತೂ ಕಡಿಮೆ ಮಾಡಿಯೇ ಇಲ್ಲ. ಆದರೂ ನೀವು ದಿನೇ ದಿನೇ ಸೊರಗುತ್ತಿದ್ದೀರಿ. ನೋಡಿದರೆ ನನಗೆ ಅಳು ಬರುತ್ತದೆ," ಎಂದ.

"ಅಳಬೇಡ, ಕೂತುಕೋ. ಎಲೆ ಎಲ್ಲಿಗೂ ಓಡಿಹೋಗುವುದಿಲ್ಲ," ಎಂದರು ಗುರುಗಳು. ಕೈ ತೊಳೆದು ಬಂದು, ಗೋಡೆಗೆ ಒರಗಿ, ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ತುಪ್ಪದ ವ್ಯಾಪಾರಿ ಇದ್ದ. ಒಳ್ಳೆಯವನು, ಕೈ ಧಾರಾಳ. ಆದರೆ ಮಹಾ ಅವಸರದ ಆಸಾಮಿ. ಎದುರಿಗೆ ನಿಂತವರು ಬಾಯಿ ತೆರೆಯುವ ಮೊದಲೇ ಅವರಿಗೆ ಏನು ಬೇಕೆಂದು ತಾನೇ ಹೇಳಿಬಿಡುತ್ತಿದ್ದ. ಮದ್ದಿಗೆ ಒಂದು ಚಮಚ ಬೆಣ್ಣೆ ಕೇಳಲು ಬಂದವಳು ಒಂದು ಗಡಿಗೆ ತುಪ್ಪ ಹೊತ್ತು ಮನೆಗೆ ಹೋದದ್ದೂ ಉಂಟು.

ಅವನಿಗೂ ಅವನ ಹೆಂಡತಿಗೂ ಮಕ್ಕಳಿರಲಿಲ್ಲ. ಒಂದು ದಿನ ಹಸುವಿಗೆಂದು ತರಿಸಿದ ಕಡಲೆಕಾಯಿ ಬಳ್ಳಿಯ ಹೊರೆ ಬಿಚ್ಚಿದಾಗ ಅದರೊಳಗಿಂದ ಒಂದು ಆಮೆ ಉರುಳಿ ಬಿತ್ತು. ಅಂಗೈಯಗಲದ ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರಗಳು. ಒಣ ಕುರುಚಲು ಕಾಡಿನಲ್ಲಿ, ಕಲ್ಲುಭೂಮಿಯಲ್ಲಿ ಓಡಾಡಿಕೊಂಡಿರುವ ಜಾತಿಯದು.

"ರೀ, ಸಾಕ್ಷಾತ್ ದೇವರೇ ಮನೆಗೆ ಬಂದಿದ್ದಾನೆ!" ಎಂದಳು ಹೆಂಡತಿ. ಅಂದೇ ಅದಕ್ಕೆ ಕೂರ್ಮಪ್ಪ ಎಂದು ಹೆಸರಿಟ್ಟರು. ಅವರ ಸಂತೋಷ ಹೇಳತೀರದು.

ಆಮೆ ಎಂದ ಮೇಲೆ ನೀರು ಬೇಕೇ ಬೇಕು ಎಂದುಕೊಂಡ ವ್ಯಾಪಾರಿ. ಅಗಲ ಬಾಯಿಯ ತಾಮ್ರದ ಪಾತ್ರೆ ತಂದು, ತಣ್ಣೀರು ತುಂಬಿ, ನಡುವೆ ಒಂದು ಕಲ್ಲಿಟ್ಟು, ಅದರ ಮೇಲೆ ಕೂರ್ಮಪ್ಪನನ್ನು ಕೂರಿಸಿದ. ಅವತಾರವೆತ್ತಿದವನು ಬೀದಿಬಾಗಿಲಲ್ಲಿ ಇರಬಾರದೆಂದು ಪಾತ್ರೆಯನ್ನು ದೇವರ ಕೋಣೆಯೊಳಗೆ ಇಟ್ಟ. ಬಿಸಿಲಿನ ಒಂದು ಎಳೆಯೂ ಇಣುಕದ ಕೋಣೆ ಅದು. ಬೆಳಿಗ್ಗೆ ಹಾಲು, ಮಧ್ಯಾಹ್ನ ತುಪ್ಪದ ಅನ್ನ, ಸಂಜೆ ಸಜ್ಜಿಗೆ. ದೇವರಿಗೆ ಏನು ನೈವೇದ್ಯವೋ ಕೂರ್ಮಪ್ಪನಿಗೂ ಅದೇ. ಅಂಗಡಿಯಲ್ಲಿ ಅತ್ಯುತ್ತಮವೆಂದು ತೆಗೆದಿಟ್ಟ ತುಪ್ಪ ಗಿರಾಕಿಗಳಿಗೆ ಸಿಗುತ್ತಿರಲಿಲ್ಲ, ಆಮೆಗೆ ಸಿಗುತ್ತಿತ್ತು.

ಆ ಮನೆಯಲ್ಲಿ ಏಕಾದಶಿಯೆಂದರೆ ಕಟ್ಟುನಿಟ್ಟು. ಅಂದು ಗಂಡ ಹೆಂಡಿರಿಬ್ಬರೂ ನಿರಾಹಾರ, ಕೂರ್ಮಪ್ಪನಿಗೂ ನಿರಾಹಾರ. ನೀರಿನ ಪಾತ್ರೆಯನ್ನೂ ಬರಿದುಮಾಡಿ, ತೊಳೆದು ಬೋರಲು ಹಾಕುತ್ತಿದ್ದರು. ವಿಚಿತ್ರವೆಂದರೆ, ಹದಿನೈದು ದಿನ ಮಂಕಾಗಿರುತ್ತಿದ್ದ ಆಮೆ ಏಕಾದಶಿಯ ದಿನ ಮಾತ್ರ ಕತ್ತು ಹೊರಗೆ ಚಾಚಿ ಆಚೀಚೆ ನೋಡುತ್ತಿತ್ತು.

"ನೋಡಿದೆಯಾ, ವ್ರತದ ಮಹಿಮೆ!" ಎಂದು ವ್ಯಾಪಾರಿ ಹೆಂಡತಿಗೆ ತೋರಿಸಿದ. ಮರುದಿನ ದ್ವಾದಶಿಯ ಪಾರಣೆಗೆ ಅದಕ್ಕೆ ಎರಡು ಪಾಲು ಸಜ್ಜಿಗೆ ಹಾಕಿಸಿದ.

ನಗು, ನಂಜಯ್ಯ, ನಗು. ಆದರೆ ಅವನು ಕೆಟ್ಟ ಮನಸ್ಸಿನಿಂದ ಮಾಡಿದ್ದು ಒಂದೂ ಇರಲಿಲ್ಲ.

ನಾಲ್ಕು ತಿಂಗಳಿಗೆ ಕೂರ್ಮಪ್ಪನ ಮೂಗಿನಲ್ಲಿ ನೀರು ಸುರಿಯತೊಡಗಿತು. ಕಣ್ಣು ಊದಿಕೊಂಡವು. ಹೊಟ್ಟೆ ಕೆಟ್ಟಿತು. ಹೆಬ್ಬೆರಳಿನಿಂದ ಒತ್ತಿದರೆ ಚಿಪ್ಪು ನೆನೆದ ತೊಗಲಿನಂತೆ ತಗ್ಗುತ್ತಿತ್ತು. ಕೊನೆಗೆ ಅದು ಊಟವನ್ನೇ ಬಿಟ್ಟಿತು. ಹೆಂಡತಿಯೂ ಬಿಟ್ಟಳು. "ಅದರ ಹೊಟ್ಟೆಗೆ ಇಳಿಯದೆ ನನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ," ಎಂದು ದೇವರ ಕೋಣೆಯ ಬಾಗಿಲಲ್ಲಿ ಕೂತುಬಿಟ್ಟಳು.

ವ್ಯಾಪಾರಿಗೆ ಕೈಕಾಲೇ ಆಡಲಿಲ್ಲ. ಸಿಕ್ಕಿದವರನ್ನೆಲ್ಲ ಕೇಳಿದ. ಒಬ್ಬರು ಶುಂಠಿ ಕಷಾಯ ಎಂದರು. ಇನ್ನೊಬ್ಬರು ತುಪ್ಪ ಸಾಲದೇನೋ ಎಂದರು. ಎರಡನೆಯದು ಅವನಿಗೆ ಬಹಳ ಹಿಡಿಸಿತು. ಕೂರ್ಮಪ್ಪ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಹಸುವಿಗೆ ಹುಲ್ಲು ತರುವ ಮುದುಕಿ ಬಂದಳು. ಮನೆಯಲ್ಲಿ ಒಲೆ ಹೊತ್ತಿಲ್ಲ, ಯಜಮಾನತಿ ಎದ್ದಿಲ್ಲ. ಏನೆಂದು ಒಳಗೆ ಇಣುಕಿದಳು. ನೀರಿನಲ್ಲಿ ಕೂತ ಆಮೆಯನ್ನು ಕಂಡು ಹಣೆ ಚಚ್ಚಿಕೊಂಡಳು.

"ಅಯ್ಯೋ ನಿಮ್ಮ! ಇದನ್ಯಾಕೆ ನೆನೆ ಹಾಕಿದ್ದೀರಿ ಯಜಮಾನ್ರೇ?"

"ಬೇಗ ಹೇಳು ತಾಯಿ, ಇದಕ್ಕೆ ಏನು ಕೊಡಲಿ?" ಎಂದ ವ್ಯಾಪಾರಿ.

"ನನ್ನನ್ಯಾಕೆ ಕೇಳ್ತೀರಿ? ಅದನ್ನೇ ಕೇಳಿ."

"ಅದಕ್ಕೇನು ಮಾತು ಬರುತ್ತದೆಯೇ?"

"ಮಾತು ಬರದಿದ್ರೆ ಹೋಗ್ಲಿ, ನಡಿಯೋಕೆ ಬರ್ತದಲ್ಲ! ಹಿತ್ತಿಲಲ್ಲಿ ಬಿಟ್ಟು ಹಿಂದೆ ಹೋಗಿ. ಎತ್ತಬೇಡಿ, ತಳ್ಳಬೇಡಿ, ತುತ್ತು ಮಾಡಿ ಬಾಯಿಗಿಡಬೇಡಿ," ಎಂದು ಹುಲ್ಲಿನ ಹೊರೆ ಇಳಿಸಿ ಹೊರಟುಹೋದಳು.

ವ್ಯಾಪಾರಿ ಅಂಗಡಿಗೆ ಬೀಗ ಹಾಕಿದ. ಹಬ್ಬಕ್ಕೂ ಮುಚ್ಚದ ಅಂಗಡಿ ಅದು. ಆಮೆಯನ್ನು ಒರೆಸಿ ಹಿತ್ತಿಲಿನ ನಡುವೆ ಇಟ್ಟು, ಪಂಚೆ ಎತ್ತಿಕಟ್ಟಿ ಹಿಂದೆ ನಿಂತ.

ಕೂರ್ಮಪ್ಪ ಅಲುಗಲಿಲ್ಲ. ವ್ಯಾಪಾರಿ ಕೆಮ್ಮಿದ. "ನಡಿಯಪ್ಪ," ಎಂದು ಮೆಲ್ಲಗೆ ಹೇಳಿದ. ತಳ್ಳೋಣವೆಂದು ಕೈ ಮುಂದೆ ಹೋಯಿತು. ಹಿತ್ತಿಲ ಬಾಗಿಲಿಗೆ ಬಂದು ಕೂತಿದ್ದ ಹೆಂಡತಿ ಕಣ್ಣು ಕೆಕ್ಕರಿಸಿದಳು. ಕೈ ಹಿಂದೆ ಬಂತು. ಹುಟ್ಟಿದಾರಭ್ಯ ಅವನು ಅಷ್ಟು ಹೊತ್ತು ಸುಮ್ಮನೆ ನಿಂತವನಲ್ಲ.

ಬಹಳ ಹೊತ್ತಿನ ಮೇಲೆ ಕತ್ತು ಹೊರಬಂತು. ಎಡಕ್ಕೆ ಬಚ್ಚಲಿನ ನೀರು ಹರಿದು ನೆಲ ಒದ್ದೆಯಾಗಿತ್ತು. ಆಮೆ ಖಂಡಿತ ಅತ್ತಲೇ ಹೋಗುತ್ತದೆ ಎಂದುಕೊಂಡ ವ್ಯಾಪಾರಿ. ಅದು ಬಲಕ್ಕೆ ತಿರುಗಿತು. ಬಿಸಿಲಿಗೆ ಕಾದ ಮಣ್ಣುಗೋಡೆಯ ಬುಡಕ್ಕೆ ಹೋಗಿ, ನಾಲ್ಕು ಕಾಲೂ ಕತ್ತೂ ಚಾಚಿ ಬಿದ್ದುಕೊಂಡಿತು.

"ಹೋಯಿತು! ಹೋಗಿಯೇಬಿಟ್ಟಿತು!" ಎಂದು ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತು ಕುಸಿದ. ಹೆಂಡತಿ ಎದ್ದು ಓಡಿಬಂದಳು. ಕೂರ್ಮಪ್ಪ ಒಂದು ಕಣ್ಣು ತೆರೆದು ಇಬ್ಬರನ್ನೂ ನೋಡಿ ಮತ್ತೆ ಮುಚ್ಚಿಕೊಂಡಿತು. ಅದು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿತ್ತು.

ಬಿಸಿಲು ಏರಿದಾಗ ಅದೇ ಎದ್ದು ದಾಸವಾಳದ ಗಿಡದ ನೆರಳಿಗೆ ನಡೆಯಿತು. ವ್ಯಾಪಾರಿಗೆ ತಡೆಯಲಾಗಲಿಲ್ಲ. ಒಳಗೆ ಓಡಿ ಒಂದು ಉಂಡೆ ತುಪ್ಪದ ಅನ್ನ ಕಲಸಿ ತಂದು ಅದರ ದಾರಿಯಲ್ಲಿ ಇಟ್ಟ. ಆಮೆ ನಿಲ್ಲಲಿಲ್ಲ. ಅನ್ನದ ಮೇಲೆ ಕಾಲಿಟ್ಟು ದಾಟಿ ಮುಂದೆ ಹೋಯಿತು. ಮೂರು ದಿನದಿಂದ ಹಸಿದಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿ ನಕ್ಕುಬಿಟ್ಟಳು.

ಗಿಡದ ಬುಡದಲ್ಲಿ, ಕಿತ್ತೆಸೆಯಬೇಕೆಂದು ವ್ಯಾಪಾರಿ ಎಷ್ಟೋ ದಿನದಿಂದ ಅಂದುಕೊಂಡಿದ್ದ ಗರಿಕೆ ಇತ್ತು. ಆಮೆ ಅದರ ತುದಿ ಮೂಸಿತು. ಬಾಯಿ ತೆರೆಯಿತು. ಕರ್ ಎಂದು ಒಂದು ಎಳೆ ಕತ್ತರಿಸಿತು. ಗಂಡ ಹೆಂಡಿರಿಬ್ಬರೂ ಉಸಿರು ಬಿಗಿಹಿಡಿದರು. ಇನ್ನೊಂದು ಎಳೆ. ಆಮೇಲೆ ಒಣಗಿದ ಹುಲ್ಲು. ಆಮೇಲೆ ಉದುರಿದ ದಾಸವಾಳದ ಎಲೆ. ವ್ಯಾಪಾರಿಯ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಮುಚ್ಚಿಡಲೂ ಹೋಗಲಿಲ್ಲ.

ಸಂಜೆಯ ಹೊತ್ತಿಗೆ ಅದು ಕಲ್ಲಿನ ಸಂದಿಯಲ್ಲಿ ಬಿದ್ದಿದ್ದ ಬಸವನಹುಳುವಿನ ಒಣ ಚಿಪ್ಪನ್ನು ಕಡಿಯತೊಡಗಿತು. ವ್ಯಾಪಾರಿ ಹೌಹಾರಿದ. "ಶಿವಶಿವಾ, ಮಡಿ ಮನೆಯಲ್ಲಿ ಬೆಳೆದ ಆಮೆ ಏನು ತಿನ್ನುತ್ತಿದೆ ನೋಡೇ!" ಎಂದು ಕಸಿದುಕೊಳ್ಳಲು ಹೋದ.

"ಬಿಡಿ ಅಂದರೆ ಬಿಡಿ," ಎಂದಳು ಹೆಂಡತಿ. "ಬೆನ್ನ ಮೇಲೆ ಚಿಪ್ಪು ಹೊತ್ತಿರುವುದು ಅದು. ಚಿಪ್ಪು ಗಟ್ಟಿಯಾಗಲು ಏನು ತಿನ್ನಬೇಕೆಂದು ಅದಕ್ಕೆ ಗೊತ್ತೋ ನಿಮಗೆ ಗೊತ್ತೋ?"

ಇಡೀ ಹಗಲಿನಲ್ಲಿ ವ್ಯಾಪಾರಿ ಆಮೆಯ ಹಿಂದೆ ನಡೆದದ್ದು ನಲವತ್ತು ಹೆಜ್ಜೆ. ನಲವತ್ತು ಹರದಾರಿ ನಡೆದವನ ಹಾಗೆ ಅವನ ಕಾಲು ನೋಯುತ್ತಿದ್ದವು. ಅಂದು ರಾತ್ರಿ ಇಬ್ಬರೂ ಹೊಟ್ಟೆ ತುಂಬ ಉಂಡರು.

ಮರುದಿನವೇ ಹಿತ್ತಿಲಿನ ಬಿಸಿಲು ಬೀಳುವ ಮೂಲೆಯಲ್ಲಿ ಮೊಣಕಾಲೆತ್ತರದ ಗೋಡೆ ಎದ್ದಿತು. ನೆಲಕ್ಕೆ ಒಣ ಮರಳುಮಣ್ಣು ಬಿತ್ತು. ಒಂದು ಪಕ್ಕಕ್ಕೆ ಸೋಗೆಯ ನೆರಳು, ಮಳೆ ಬಂದರೆ ಒಳಗೆ ಸೇರಲು ಒಂದು ಗೂಡು. ನೀರಿಗೆ ಬರಿಯ ಒಂದು ತಟ್ಟೆ, ನೆಲದ ಮಟ್ಟಕ್ಕೆ ಹೂತದ್ದು, ಕುಡಿಯಲು ಬಗ್ಗಿದರೆ ಗಲ್ಲ ಮಾತ್ರ ಒದ್ದೆಯಾಗುವಷ್ಟು. ಹುಲ್ಲಿನ ಮುದುಕಿ ದಿನಾ ಒಂದು ಹಿಡಿ ಗರಿಕೆ, ಕಾಡುಸೊಪ್ಪು ತಂದು ಹಾಕಿದಳು. ಯಾವಾಗಲಾದರೂ ಒಮ್ಮೆ ಪಾಪಸುಕಳ್ಳಿಯ ಹಣ್ಣಿನ ಒಂದು ಚೂರು, ಅದೂ ಮುಳ್ಳು ತೆಗೆದು. ಹಾಲು, ಅನ್ನ, ಸಜ್ಜಿಗೆ ಆ ಗೋಡೆ ದಾಟಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕೂರ್ಮಪ್ಪನ ಮೂಗು ಒಣಗಿತು. ವರ್ಷ ತುಂಬುವುದರೊಳಗೆ ಚಿಪ್ಪನ್ನು ಬೆರಳಿನಿಂದ ತಟ್ಟಿದರೆ ಟಕ್ ಟಕ್ ಎನ್ನುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

ನಂಜಯ್ಯ ಕಣ್ಣು ಒರೆಸಿಕೊಂಡು ಎದ್ದ. ಅವನ ಮುಖ ಅರಳಿತ್ತು.

"ಅರ್ಥವಾಯಿತು ಗುರುಗಳೇ, ಚೆನ್ನಾಗಿ ಅರ್ಥವಾಯಿತು! ನಾಳೆಯಿಂದ ತುಪ್ಪ ಇಲ್ಲ, ಹಾಲು ಇಲ್ಲ. ಒಣ ರೊಟ್ಟಿ, ಹಸಿ ಸೊಪ್ಪು. ಬೆಳಗಾಗುತ್ತಲೇ ನಿಮ್ಮ ಚಾಪೆಯನ್ನು ಅಂಗಳದ ಬಿಸಿಲಿಗೆ ಹಾಕಿಬಿಡುತ್ತೇನೆ. ಈಗಲೇ ಹೋಗಿ ಸೊಪ್ಪು ಕೊಯ್ದು ತರುತ್ತೇನೆ," ಎಂದು ಬಾಗಿಲ ಕಡೆ ಧಾವಿಸಿದ.

"ಅದು ಆಮೆಯ ಊಟ, ನಂಜಯ್ಯ, ನನಗೆ ಏನು ಹಿತವೆಂದು ನೀನು ಇನ್ನೂ ಕೇಳಲೇ ಇಲ್ಲವಲ್ಲಪ್ಪ," ಎಂದರು ಗುರುಗಳು.

ನಂಜಯ್ಯ ಹೊಸ್ತಿಲಲ್ಲೇ ನಿಂತ. ಆಮೇಲೆ ಹಿಂದಿರುಗಿ ಬಂದು ಗುರುಗಳ ಎದುರು ಕೂತ.