ಅಡ್ಡ ಕೊಳವೆಯ ಬಾಯಿ

“ಬುದ್ಧೀ, ಹೊಂದಿಕೊಂಡು ಹೋಗು ಎಂದು ಎಲ್ಲರೂ ನನಗೇ ಹೇಳುತ್ತಾರೆ. ಈರಯ್ಯನವರಿಗೆ ಯಾಕೆ ಯಾರೂ ಹೇಳುವುದಿಲ್ಲ?” ಎಂದು ಶಂಭುಲಿಂಗ ಗುರುಗಳನ್ನು ಕೇಳಿದ.

ಮಠದ ಅಡುಗೆಮನೆಯಲ್ಲಿ ಅವನೂ ಹಿರಿಯರಾದ ಈರಯ್ಯನವರೂ ಜೊತೆಯಾಗಿ ದುಡಿಯತೊಡಗಿ ಎರಡು ವರ್ಷವಾಗಿತ್ತು. ಇವನು ಉಪ್ಪು ಹಾಕಿದರೆ ಅವರು ರುಚಿ ನೋಡದೆಯೇ ಹೆಚ್ಚಾಯಿತು ಎನ್ನುತ್ತಿದ್ದರು. ಅಂದು ಅವನು ಮಠ ಬಿಟ್ಟು ಹೋಗುವುದೆಂದು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಸೈಕಲ್ಲಿನ ಚೌಕಟ್ಟು ಕಟ್ಟುವ ಮೇಸ್ತ್ರಿಯಿದ್ದ. ಅವನ ಕೈಕೆಳಗೆ ಒಬ್ಬ ಕೆಲಸಗಾರ. ದುಂಡು ಕೊಳವೆಯೊಂದು ಇನ್ನೊಂದು ದುಂಡು ಕೊಳವೆಗೆ ಕೂಡಬೇಕಾದರೆ ಒಂದರ ತುದಿಯನ್ನು ಮೀನಿನ ಬಾಯಿಯಂತೆ ಕೊರೆಯಬೇಕು. ಅಡ್ಡ ಕೊಳವೆಗೆ ಕಾಗದ ಸುತ್ತಿ ಗೆರೆ ಎಳೆದು, ಗೆರೆಯ ಹೊರಗೆ ಗರಗಸ ಆಡಿಸಿ, ಆಮೇಲೆ ಬೆನ್ನುಬ್ಬಿದ ಅರದಿಂದ ಉಜ್ಜಬೇಕು. ಉಜ್ಜಿದ ಬಾಯನ್ನು ಸೀಟು ಹೊರುವ ನೆಟ್ಟ ಕೊಳವೆಗೆ ಆನಿಸಿ ಕಿಟಕಿಯ ಕಡೆ ಹಿಡಿಯಬೇಕು. ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಬೇಕು.

ಹಾಲು ಮಾರುವವನೊಬ್ಬ ಸೈಕಲ್ ಕೇಳಿದ್ದ. ತುಂಬಿದ ಎರಡು ಕ್ಯಾನು ಹೇರಿಕೊಂಡು ಘಟ್ಟ ಇಳಿಯುವವನು. ಕೆಲಸಗಾರ ಬೆಳಗಿನಿಂದ ಉಜ್ಜಿದರೂ ಎಳೆಯಷ್ಟು ಬೆಳಕು ಉಳಿದೇ ಇತ್ತು. ಅವನಿಗೆ ರೇಗಿತು. ಸವೆಯುವುದು ಇದೊಂದೇ ಯಾಕೆ, ಅದೂ ಒಂದಿಷ್ಟು ಸವೆಯಲಿ ಎಂದು ನೆಟ್ಟ ಕೊಳವೆಯ ಮೈಗೂ ಅರ ಹಾಕಿದ. ಸ್ವಲ್ಪ ಹೊತ್ತಿಗೇ ಸಂದು ಮುಚ್ಚಿತು.

ಮೇಸ್ತ್ರಿ ಬಂದು ಕಿಟಕಿಯ ಕಡೆ ಹಿಡಿದು ನೋಡಿದ. ಬೆಳಕಿರಲಿಲ್ಲ. ಆದರೂ ನೆಟ್ಟ ಕೊಳವೆಯನ್ನು ಬಿಡಿಸಿ ಹೆಬ್ಬೆರಳಿನಿಂದ ಸವರಿದ. ಬೆರಳು ಒಂದು ಕಡೆ ತಗ್ಗಿಗೆ ಇಳಿಯಿತು. ಕೊಳವೆಯನ್ನು ವೈಸಿನ ಇಕ್ಕಳಕ್ಕೆ ಬಿಗಿದು ಜಗ್ಗಿದ. ಅದು ಅರ ಹಾಕಿದ ಜಾಗದಲ್ಲೇ ಮಡಚಿಕೊಂಡಿತು.

“ಹಾಲಿನವನನ್ನು ಘಟ್ಟದಲ್ಲೇ ಮಲಗಿಸಬೇಕೆಂದಿದ್ದೆಯೇನಪ್ಪಾ?”

“ಅಲ್ಲ ಮೇಸ್ತ್ರಿ, ಬೆಳಗಿನಿಂದ ಇದೊಂದನ್ನೇ ಕೊರೆಯುತ್ತಿದ್ದೇನೆ. ಅದೇನು ಮದುವೆ ಗಂಡೇ, ಮೈಗೆ ಒಂದು ಗೀರೂ ತಾಗಬಾರದೇ?”

“ತುದಿ ಕೊರೆದರೆ ಕೊಳವೆಗೆ ಏನೂ ಆಗುವುದಿಲ್ಲ. ನೀನು ಸವೆಸಿದ್ದು ಹೊರೆ ಹೊರುವ ಮೈಯನ್ನು. ಇನ್ನು, ಇದು ಕೊರೆಸಿಕೊಂಡೇ ಇಲ್ಲ ಎಂದು ನಿನಗೆ ಹೇಳಿದವರು ಯಾರು?”

ಮೇಸ್ತ್ರಿ ಮಡಚಿದ ಕೊಳವೆಯನ್ನು ತಲೆಕೆಳಗು ಮಾಡಿ ಹಿಡಿದ. ಪೆಡಲಿನ ಅಚ್ಚು ಕೂರುವ ಕಡೆ ಅದರ ಕೆಳತುದಿಗೂ ಮೀನಿನ ಬಾಯಿಯಿತ್ತು. ಅಡ್ಡ ಕೊಳವೆಯದಕ್ಕಿಂತ ಆಳವಾಗಿತ್ತು. ಹಿಂದಿನ ದಿನ ಮೇಸ್ತ್ರಿಯೇ ಕೊರೆದಿಟ್ಟದ್ದು. ಕೆಲಸಗಾರ ತನ್ನ ಕೆಲಸವಿದ್ದ ಜಾಗವನ್ನಷ್ಟೇ ನೋಡಿದ್ದ.

ಕತೆ ಅಲ್ಲಿಗೆ ನಿಂತಿತು. ಶಂಭುಲಿಂಗ, “ಹಾಗಾದರೆ ನಾನು ಹೋಗಬಾರದೇ, ಬುದ್ಧೀ?” ಎಂದು ಕೇಳಿದ.

ಗುರುಗಳು ಹೇಳಿದರು: “ಧಾರಾಳವಾಗಿ ಹೋಗು, ‘ಈ ಎರಡು ವರ್ಷ ನನ್ನ ಜೊತೆಯಿದ್ದು ತಾವೆಷ್ಟು ಸವೆದಿರಿ’ ಎಂದು ಈರಯ್ಯನವರನ್ನು ಒಂದು ಮಾತು ಕೇಳಿ ಹೋಗು.”