ನಂಜಜ್ಜಿಯ ಹಲ್ಲು, ಇರುವೆಯ ಚೂರು

ಬನ್ನಿ, ಕೂತ್ಕೊಳ್ಳಿ. ತಳ್ಳಾಡಬೇಡಿ. ಇದು ಒಂದು ಚೂರಿನ ಕಥೆ. ಇಷ್ಟೇ ಇಷ್ಟು ಚೂರು!

ನಂಜಜ್ಜಿ ದಿನಾ ಸಂಜೆ ಕೋಡುಬಳೆ ತಿಂತಿದ್ದಳು. ಕಟಂ ಕಟಂ! ಒಂದು ಚೂರು ಕೆಳಗೆ ಬೀಳ್ತಿತ್ತು. ಅದು ಇರುವೆಯ ಚೂರು. ಇರುವೆಗೆ ಅದೇ ಊಟ.

ಒಂದು ಸಂಜೆ ಕಟಂ ಇಲ್ಲ. ಚೂರೂ ಇಲ್ಲ. ಇರುವೆಗೆ ಅಳುವೇ ಬಂತು.

“ಅಜ್ಜಿ, ಅಜ್ಜಿ! ಚೂರು ಬೀಳಲ್ಲ! ನೀನ್ಯಾಕೆ ಕಡಿಯಲ್ಲ?”

“ಹಲ್ಲುನೋವು, ಮರಿ. ನಾನೇನ್ ಮಾಡ್ಲಿ? ಹೋಗು, ಹಲ್ಲನ್ನೇ ಕೇಳು.”

ಇರುವೆ ಅಜ್ಜಿಯ ಗಲ್ಲ ಹತ್ತಿತು. ತುಟಿ ಹತ್ತಿತು. ಒಳಗೆ ಇಣುಕಿತು.

“ಹಲ್ಲೇ, ಹಲ್ಲೇ! ಅಜ್ಜಿ ಕಡಿಯಲ್ಲ, ಚೂರು ಬೀಳಲ್ಲ! ನೀನ್ಯಾಕೆ ಸುಮ್ಮನಿರಲ್ಲ?”

“ನನಗೆ ತೂತು ಬಿದ್ದಿದೆ. ತೂತಿನಲ್ಲಿ ಬೆಲ್ಲ ಕೂತಿದೆ. ನಾನೇನ್ ಮಾಡ್ಲಿ? ಹೋಗು, ಬೆಲ್ಲವನ್ನೇ ಕೇಳು.”

“ಬೆಲ್ಲವೇ, ಬೆಲ್ಲವೇ! ಹಲ್ಲು ಸುಮ್ಮನಿರಲ್ಲ, ಅಜ್ಜಿ ಕಡಿಯಲ್ಲ, ಚೂರು ಬೀಳಲ್ಲ! ನೀನ್ಯಾಕೆ ಏಳಲ್ಲ?”

“ಅಜ್ಜಿ ನನ್ನನ್ನು ಚೀಪ್ತಾ ಚೀಪ್ತಾ ಮಲಗ್ತಾಳೆ. ಬ್ರಷ್ ಬಂದು ಗುಡಿಸಲ್ಲ. ನಾನೇನ್ ಮಾಡ್ಲಿ? ಹೋಗು, ಬ್ರಷ್ಷನ್ನೇ ಕೇಳು.”

ಆ ಬೆಲ್ಲವನ್ನೇ ತಿನ್ನಬಹುದಿತ್ತಲ್ಲ ಅಂತೀರಾ? ಇರುವೆ ಮೂಸಿ ನೋಡಿತು. ಥೂ! ಹುಳಿ!

ಸರ ಸರ ಓಡಿತು.

“ಬ್ರಷ್ಷೇ, ಬ್ರಷ್ಷೇ! ಬೆಲ್ಲ ಏಳಲ್ಲ, ಹಲ್ಲು ಸುಮ್ಮನಿರಲ್ಲ, ಅಜ್ಜಿ ಕಡಿಯಲ್ಲ, ಚೂರು ಬೀಳಲ್ಲ! ನೀನ್ಯಾಕೆ ಗುಡಿಸಲ್ಲ?”

“ರಾತ್ರಿ ನನ್ನನ್ನು ಯಾರು ಎತ್ಕೊಳ್ತಾರೆ? ಅಜ್ಜಿ ನೋವಿನ ಮಾತ್ರೆ ನುಂಗಿ ಮಲಗಿಬಿಡ್ತಾಳೆ. ನಾನೇನ್ ಮಾಡ್ಲಿ? ಹೋಗು, ಮಾತ್ರೆಯನ್ನೇ ಕೇಳು.”

“ಮಾತ್ರೆಯೇ, ಮಾತ್ರೆಯೇ! ಬ್ರಷ್ ಗುಡಿಸಲ್ಲ, ಬೆಲ್ಲ ಏಳಲ್ಲ, ಹಲ್ಲು ಸುಮ್ಮನಿರಲ್ಲ, ಅಜ್ಜಿ ಕಡಿಯಲ್ಲ, ಚೂರು ಬೀಳಲ್ಲ! ನೀನ್ಯಾಕೆ ನಿಲ್ಲಲ್ಲ?”

“ನಾನು ನೋವನ್ನು ಮಲಗಿಸ್ತೀನಿ, ಅಷ್ಟೇ. ತೂತು ಮುಚ್ಚೋಕೆ ನನಗೆ ಬರಲ್ಲ. ನೋವು ಮತ್ತೆ ಏಳುತ್ತೆ, ಅಜ್ಜಿ ಮತ್ತೆ ನನ್ನನ್ನು ತರ್ತಾಳೆ. ನಾನೇನ್ ಮಾಡ್ಲಿ? ಹೋಗು, ಮೆಡಿಕಲ್ ಅಂಗಡಿಯ ಜಬೀನಕ್ಕನನ್ನೇ ಕೇಳು.”

ಪಾಪ, ಇರುವೆಗೆ ಹೊಟ್ಟೆ ಚುರ್ ಅಂತಿತ್ತು. ಆದರೂ ಓಡಿತು. ಜಬೀನಕ್ಕನ ಬೆರಳು ಹತ್ತಿತು.

“ಜಬೀನಕ್ಕ, ಜಬೀನಕ್ಕ! ಮಾತ್ರೆ ನಿಲ್ಲಲ್ಲ, ಬ್ರಷ್ ಗುಡಿಸಲ್ಲ, ಬೆಲ್ಲ ಏಳಲ್ಲ, ಹಲ್ಲು ಸುಮ್ಮನಿರಲ್ಲ, ಅಜ್ಜಿ ಕಡಿಯಲ್ಲ, ಚೂರು ಬೀಳಲ್ಲ! ನೀನ್ಯಾಕೆ ಕೇಳಲ್ಲ?”

ಜಬೀನಕ್ಕ “ನಾನೇನ್ ಮಾಡ್ಲಿ” ಅಂದಳಾ? ಊಹೂಂ! “ಹೋಗು” ಅಂದಳಾ? ಊಹೂಂ!

“ಅಯ್ಯೋ, ಹೌದಲ್ಲ! ಮತ್ತೆ ಮತ್ತೆ ಮಾತ್ರೆ ಯಾಕೆ ಅಂತ ಅಜ್ಜಿಯನ್ನ ಇವತ್ತೇ ಕೇಳ್ತೀನಿ,” ಅಂದಳು.

ಅಷ್ಟರಲ್ಲಿ ನಂಜಜ್ಜಿ ಬಂದಳು, ಕೆನ್ನೆ ಹಿಡ್ಕೊಂಡು. “ಜಬೀನಾ, ಅದೇ ಮಾತ್ರೆ ಕೊಡವ್ವ.”

“ಅಜ್ಜಿ, ಮತ್ತೆ ಮತ್ತೆ ಮಾತ್ರೆ ಯಾಕೆ? ಮೊದಲು ಬಾಯಿ ತೆಗೀರಿ. ಆ ಅನ್ನಿ!”

ಅಜ್ಜಿ ಆ ಅಂದಳು.

“ತೂತು ಬಿದ್ದಿದೆ ಅಜ್ಜಿ! ಇದಕ್ಕೆ ಮಾತ್ರೆ ಸಾಲಲ್ಲ. ಹಲ್ಲಿನ ಡಾಕ್ಟರಿಗೆ ತೋರಿಸಬೇಕು.”

“ಅಯ್ಯಯ್ಯೋ! ಕಿತ್ತುಬಿಡ್ತಾರೆ!”

“ತೂತು ಇನ್ನೂ ಚಿಕ್ಕದು, ತುಂಬಬಹುದು. ನಾನೂ ಜೊತೆಗೆ ಬರ್ತೀನಿ. ಇನ್ಮೇಲೆ ಮಲಗುವಾಗ ಬೆಲ್ಲ ಬೇಡ, ಬ್ರಷ್ ಬೇಕು. ಆಯ್ತಾ?”

“ನೀನು ಕೈ ಹಿಡ್ಕೊಂಡ್ರೆ ಬರ್ತೀನಿ,” ಅಂದಳು ಅಜ್ಜಿ.

ಜಬೀನಕ್ಕ ಕೈ ಹಿಡ್ಕೊಂಡಳು. ಡಾಕ್ಟರು ತೂತು ತೊಳೆದರು, ತುಂಬಿದರು. ಆಮೇಲೆ ನೋಡಿ!

ಜಬೀನಕ್ಕ ಕೇಳಿದಳು, ಮಾತ್ರೆ ನಿಂತಿತು.
ಮಾತ್ರೆ ನಿಂತಿತು, ಬ್ರಷ್ ಗುಡಿಸಿತು.
ಬ್ರಷ್ ಗುಡಿಸಿತು, ಬೆಲ್ಲ ಎದ್ದು ಓಡಿತು.
ಬೆಲ್ಲ ಎದ್ದು ಓಡಿತು, ಹಲ್ಲು ಸುಮ್ಮನಾಯಿತು.
ಹಲ್ಲು ಸುಮ್ಮನಾಯಿತು, ಅಜ್ಜಿ ಕಡಿದಳು.

ಕಟಂ!

ಚೂರು ಬಿತ್ತು! ಇರುವೆಗೆ ಎಷ್ಟು ಖುಷಿ! ಓಡಿ ಬಂದು ಕಚ್ಚಿ ಹಿಡಿಯಿತು.

ಅಜ್ಜಿ ಬಗ್ಗಿ ನೋಡಿದಳು. “ಎಲ್ಲಿ ಮರಿ, ನೀನೂ ಬಾಯಿ ತೆಗಿ. ಆ ಅನ್ನು!”

ಇರುವೆ ಆ ಅನ್ನಲಿಲ್ಲ. ಹೇಗೆ ಅನ್ನುತ್ತೆ? ಅದರ ಬಾಯಿ ತುಂಬ ಕೋಡುಬಳೆ!